ನಾಲ್ಕು ಸೀಟಿ ಹೊಡೆಸಿದ ಕಲ್ಲುಗಳು

ನಲವತ್ತು ದಾಟಿದ ಮೇಲೆ ಪಿಎಚ್‌ಡಿ ಮಾಡುತ್ತೇನೆಂದು ಹೊರಟವಳು ನಾನು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ, ಮಗಳು ಹೈಸ್ಕೂಲು ಸೇರಿದ್ದಳು, ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಆದರೆ ನಾನು ಏನನ್ನು ಓದಲು ಹೊರಟಿದ್ದೇನೆ ಎಂಬುದು ತಿಳಿದ ಮೇಲೆ ಅತ್ತೆ ಎರಡು ದಿನ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಮೂರನೇ ದಿನ ಬಾಜೂ ಮನೆಯವರಿಗೆ ಹೇಳುತ್ತಿದ್ದುದು ಕೇಳಿಸಿತು.

"ನಮ್ಮ ಸೊಸಿ ಹಳ್ಳಕ್ಕ ಹೋಗಿ ಕಲ್ಲಿಗೆ ಹಲ್ಲು ತಿಕ್ಕಿ ಬರ್ತಾಳ್ರಿ. ಅದಕ್ಕ ಡಾಕ್ಟರ್ ಅಂತ ಕೊಡ್ತಾರಂತ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ನೀರಿನಲ್ಲಿ ಮುಳುಗಿದ ಕಲ್ಲನ್ನು ಮುಟ್ಟಿದರೆ ಕೈಗೆ ಕಂದು ಬಣ್ಣದ ಜಾರು ಹತ್ತುತ್ತದಲ್ಲ, ಅದರಲ್ಲಿ ಡಯಾಟಮ್ ಎಂಬ ಪಾಚಿ ಇರುತ್ತದೆ. ಬರಿಗಣ್ಣಿಗೆ ಕಾಣುವುದಿಲ್ಲ. ಒಂದೊಂದೂ ತನ್ನ ಸುತ್ತ ಗಾಜಿನ ಡಬ್ಬಿ ಕಟ್ಟಿಕೊಂಡು, ಗಾಜಿನದೇ ಮುಚ್ಚಳ ಹಾಕಿಕೊಂಡು ಕೂತಿರುತ್ತದೆ. ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲು ತಿಕ್ಕಿ, ಆ ಜಾರನ್ನು ಬಾಟಲಿಗೆ ಇಳಿಸಿ, ಲ್ಯಾಬಿನಲ್ಲಿ ಆಮ್ಲ ಹಾಕಿ ಕುದಿಸಿದರೆ ಡಬ್ಬಿಗಳಷ್ಟೇ ಉಳಿಯುತ್ತವೆ. ಅವುಗಳ ಮೇಲಿನ ಗೆರೆ, ಚುಕ್ಕಿ ನೋಡಿ ಯಾವ ಜಾತಿ ಎಂದು ಗುರುತಿಸಬೇಕು. ಇವು ಬೀಗರಿದ್ದ ಹಾಗೆ. ಕೆಲವು ಜಾತಿಗೆ ನೀರು ಒಂಚೂರು ಕೆಟ್ಟರೂ ಆಗದು, ಎದ್ದು ಹೋಗಿಬಿಡುತ್ತವೆ. ಇನ್ನು ಕೆಲವಕ್ಕೆ ಗಟಾರದ ನೀರು ಬಡಿಸಿದರೂ ಸೈ, ಬಳಗ ಬೆಳೆಸಿಕೊಂಡು ಅಲ್ಲೇ ಠಿಕಾಣಿ ಹೂಡುತ್ತವೆ. ಯಾರು ಉಳಿದಿದ್ದಾರೆ ನೋಡಿದರೆ ಹಿಂದಿನ ಕೆಲವು ವಾರ ನೀರು ಹೇಗಿತ್ತು ಅಂತ ತಿಳಿಯುತ್ತದೆ.

ಕಲಘಟಗಿ ಕಡೆ ಕೆಲಸ ಸಲೀಸಾಗಿ ಸಾಗಿತು. ದೇವಿಕೊಪ್ಪದ ಆಚೆಗಿನ ಹಳ್ಳದಲ್ಲಿ ಬೇಕಾದಷ್ಟು ಕಲ್ಲು. ತೊಡಕು ಶುರುವಾದದ್ದು ನವಲಗುಂದ ಕಡೆಗೆ ಹೋದಾಗ. ಯಮನೂರಿನಿಂದ ಸ್ವಲ್ಪ ಮುಂದಿನ ಒಂದು ಹಳ್ಳಿಯ ಕುಡಿಯುವ ನೀರಿನ ಕೆರೆಯನ್ನು ಆರಿಸಿಕೊಂಡಿದ್ದೆ. ಸುತ್ತ ಮಣ್ಣಿನ ಏರಿ, ಇಳಿಯಲು ಹೊಸದಾಗಿ ಕಟ್ಟಿದ ಸಿಮೆಂಟಿನ ಮೆಟ್ಟಿಲು. ಆ ಹೊಸ ಸಿಮೆಂಟು ನನ್ನ ಕೆಲಸಕ್ಕೆ ಬರುವುದಿಲ್ಲ. ಕಲ್ಲು ಹುಡುಕುತ್ತ ಏರಿಯ ಮೇಲೆ ಒಂದು ಸುತ್ತು ಹಾಕಿ ಬಂದೆ. ಕೆರೆ ಕಾಯುವ ಕಾಕಾ ಕೋಲು ಹಿಡಿದುಕೊಂಡು ನನ್ನ ಹಿಂದೆಯೇ ಸುತ್ತು ಹಾಕಿದರು.

"ಏನ್ ಕಳಕೊಂಡೀರಿ ಬಾಯಾರ?"

"ಕಲ್ಲು ಹುಡುಕಾಕತ್ತೀನ್ರಿ."

ಕಾಕಾ ನಕ್ಕರು. "ಇದು ಅಗದಿ ಎರಿ ಭೂಮಿ, ಬರೇ ಕರಿ ಮಣ್ಣು. ನಾವು ನಾಯಿ ಓಡಿಸಬೇಕಂದ್ರೂ ಮಣ್ಣ ಹೆಂಟಿನ ಒಗೀತೀವಿ. ಅದು ನಾಯಿಗೆ ಮುಟ್ಟೂದ್ರೊಳಗ ಪುಡಿ ಆಗಿರ್ತೈತಿ. ಹಿಂಗಾಗಿ ನಮ್ಮೂರ ನಾಯಿಗೆ ಅಂಜಿಕಿನ ಇಲ್ಲ."

ನನ್ನ ಗೈಡ್‌ಗೆ ಫೋನ್ ಮಾಡಿದೆ. ಅವರು ಸ್ವಚ್ಛತೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟಿನ ಮನುಷ್ಯ. "ಕಲ್ಲಿಲ್ಲದಿದ್ದರೆ ನೀವೇ ಒಯ್ದು ಮುಳುಗಿಸಿ. ಒಂದು ತಿಂಗಳು ಬಿಡಿ, ಆ ಕೆರೆಯ ಡಯಾಟಮ್ ತಾವಾಗಿ ಬಂದು ಹತ್ತುತ್ತವೆ. ಆದರೆ ಕಲ್ಲಿನ ಮೇಲೆ ಹಳೆಯದು ಒಂದೂ ಉಳಿದಿರಬಾರದು. ತಿಕ್ಕಿ, ಕುದಿಸಿ ಒಯ್ಯಿರಿ" ಎಂದರು.

ಹೀಗೆ ದೇವಿಕೊಪ್ಪದ ಹಳ್ಳದಿಂದ ಮುಷ್ಟಿಗಿಂತ ದೊಡ್ಡವು ಐದು ಗುಂಡುಕಲ್ಲು ನಮ್ಮ ಮನೆಗೆ ಬಂದವು. ಎರಡು ಸಲ ತಿಕ್ಕಿ, ಕುಕ್ಕರಿಗೆ ಹಾಕಿ ಗ್ಯಾಸ್ ಹಚ್ಚಿದೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. ಐವತ್ತು ವರ್ಷ ಸಂಸಾರ ಮಾಡಿದ ಹೆಂಗಸು. ಕುಕ್ಕರಿನಲ್ಲಿ ಕಲ್ಲು ಕಂಡು ಅವರ ಬಾಯಿಂದ ಬಂದದ್ದು ಒಂದೇ ಪ್ರಶ್ನೆ:

"ಎಷ್ಟು ಸೀಟಿ?"

"ಗೊತ್ತಿಲ್ರಿ ಅತ್ತಿ."

"ಕಡ್ಲಿಗೆ ಮೂರು ಬೇಕು. ಇದಕ್ಕ ನಾಕು ಹೊಡಸು."

ಯಮನೂರ ದರ್ಗಾಕ್ಕೆ ಹೋಗದೆ ಬಹಳ ದಿನವಾಯಿತೆಂದು ಮರುದಿನ ಅತ್ತೆಯೂ ನನ್ನ ಜೊತೆ ಹೊರಟರು. ಬಸ್ಸಿನಲ್ಲಿ ಕಂಡಕ್ಟರ್ ನನ್ನ ಚೀಲವನ್ನು ಕಾಲಿನಿಂದ ಸರಿಸಲು ನೋಡಿದ. ಅದು ಅಲುಗಲಿಲ್ಲ. "ಏನೈತ್ರಿ ಇದ್ರಾಗ?"

"ಕಲ್ಲು" ಎಂದರು ಅತ್ತೆ. "ಕುದಿಸಿದ್ದು."

ಅವನು ಇಬ್ಬರನ್ನೂ ನೋಡಿ, ಸ್ವಲ್ಪ ಯೋಚಿಸಿ, "ಹೆಣ್ಮಕ್ಕಳಿಗೆ ಟಿಕೆಟ್ ಫ್ರೀ ಐತ್ರಿ. ಕಲ್ಲಿಗಿಲ್ಲ" ಎಂದು ಲಗೇಜಿನ ಚೀಟಿ ಹರಿದುಕೊಟ್ಟ.

ಕೆರೆಯ ಹತ್ತಿರ ಕಾಕಾ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಊರೆಲ್ಲ ಕುಡಿಯುವ ನೀರು, ಇದರೊಳಗೆ ಯಾರೂ ಕಾಲಿಡುವಂತಿಲ್ಲ, ಚಪ್ಪಲಿಯನ್ನೂ ಏರಿಯ ಕೆಳಗೇ ಬಿಡಬೇಕು, ತಾವಿರುವ ತನಕ ಕಾಗೆಗೂ ಪರವಾನಗಿ ಇಲ್ಲ ಎಂದರು. ನಾನು ಕಾಲೇಜಿನ ಪತ್ರ ತೋರಿಸಿದೆ. ಪತ್ರ ಅವರಿಗೆ ಸಾಕಾಗಲಿಲ್ಲ. ಅತ್ತೆ ಮುಂದೆ ಬಂದು, "ನಾಕು ಸೀಟಿ ಹೊಡಿಸೇವ್ರಿ" ಎಂದರು. "ಹಂಗಾರ ಚಿಂತಿ ಇಲ್ಲ" ಎಂದು ಕಾಕಾ ದಾರಿ ಬಿಟ್ಟರು. ಐದೂ ಕಲ್ಲುಗಳನ್ನು ನೈಲಾನ್ ಬಲೆಯಲ್ಲಿ ಹಾಕಿ, ಮೆಟ್ಟಿಲ ಬದಿಯ ಗೂಟಕ್ಕೆ ಕಟ್ಟಿ ಮೊಳಕಾಲಷ್ಟು ನೀರಿಗೆ ಇಳಿಬಿಟ್ಟೆ.

ಆಮೇಲೆ ಕಾಕಾ ಪ್ರತಿ ಸೋಮವಾರ ಫೋನ್ ಮಾಡತೊಡಗಿದರು. "ಬಾಯಾರ, ಕಲ್ಲು ಆರಾಮ ಅದಾವ್ರಿ." ಒಂದು ಸಲ ನಾನು ಪಾಠ ಮಾಡುತ್ತಿದ್ದಾಗಲೇ ಫೋನ್ ಬಂತು. "ಅವಕ್ಕ ತಿನ್ನಾಕ ಏನರ ಹಾಕಬೇಕೇನ್ರಿ?" ಏನೂ ಬೇಡವೆಂದೆ. "ಬರೇ ನೀರಿನ ಮ್ಯಾಲ ಅದಾವ, ಪಾಪ" ಎಂದು ಕಾಕಾ ಫೋನ್ ಇಟ್ಟರು.

ನಾಲ್ಕನೇ ಸೋಮವಾರ ಫೋನ್ ಬರಲಿಲ್ಲ. ಗಾಬರಿಯಾಗಿ ಮರುದಿನವೇ ಅತ್ತೆಯೂ ನಾನೂ ಹೋದೆವು. ಕಾಕಾ ಏರಿಯ ಮೇಲೆ ತಲೆ ತಗ್ಗಿಸಿ ನಿಂತಿದ್ದರು. ಎರಡು ದಿನ ಮದುವೆಗೆಂದು ಅಣ್ಣಿಗೇರಿಗೆ ಹೋಗಿದ್ದರಂತೆ. ಬಂದು ನೋಡಿದರೆ ಗೂಟ ಇತ್ತು, ಬಲೆಯೂ ಇತ್ತು, ಕಲ್ಲಿರಲಿಲ್ಲ. ಬಲೆಯನ್ನು ಯಾರೋ ತೊಳೆದು, ಚೆಂದಗೆ ಮಡಚಿ ಮೆಟ್ಟಿಲ ಮೇಲೆ ಇಟ್ಟಿದ್ದರು.

ನಾನು ಕಣ್ಣೀರಿಡುವುದೊಂದೇ ಬಾಕಿ. ಅತ್ತೆ ಬಲೆಯ ಮಡಿಕೆಯನ್ನು ನೋಡಿ, "ಇದು ಗಂಡಸರ ಕೆಲಸಲ್ಲ" ಎಂದರು. ಆಮೇಲೆ ಕಾಕಾನ ಕಡೆ ತಿರುಗಿ, "ಊರಾಗ ಯಾರ ಮನ್ಯಾಗ ಕಾರ್ಯ ಆತು? ಅಂಗಳದಾಗ ಒಲಿ ಹೂಡಿದ್ದು?" ಎಂದು ಕೇಳಿದರು.

ಕಾಕಾ ನೆನಪು ಮಾಡಿಕೊಂಡರು. ಒಂದು ಮನೆಯಲ್ಲಿ ಬಸುರಿ ಮಗಳ ಕುಬಸ, ಅಂದರೆ ಸೀಮಂತ ಆಗಿತ್ತು. ಹೋಗಿ ನೋಡಿದರೆ ಅಂಗಳದ ಮಧ್ಯೆ ನನ್ನ ಮೂರು ಕಲ್ಲುಗಳು ಮಸಿ ಹಿಡಿದು, ಮೇಲೆ ದೊಡ್ಡ ಭಗೋಣಿ ಹೊತ್ತು ಕೂತಿದ್ದವು. ನಾಲ್ಕನೆಯದು ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ನಿಂತಿತ್ತು. ಮನೆಯಾಕೆ ನಮ್ಮನ್ನು ಕಂಡು ಮುಚ್ಚುಮರೆ ಏನೂ ಮಾಡಲಿಲ್ಲ.

"ನಿಮ್ಮವೇನ್ರಿ? ಅಯ್ಯ, ಒಂದ ಅಳತಿ ಐದು ಗುಂಡು ನೀರಾಗ ಬಿದ್ದಿದ್ದು ನೋಡಿ, ನನ್ನ ಮಗಳ ಕುಬಸಕ್ಕಂತನ ಯಾರೋ ಇಟ್ಟಾರ ಅಂದ್ಕೊಂಡೆ."

"ತೊಳದ್ರೇನ್ರಿ?" ಎಂದೆ.

"ತೊಳೀಲಾರದ ಒಲಿಗೆ ಇಡ್ತಾರೇನ್ರಿ? ಏನ್ ಜಾರು, ಏನ್ ಜಾರು! ಕೈಯಾಗ ನಿಲ್ಲತಿದ್ದಿಲ್ಲ. ಐದಕ್ಕೂ ತೆಂಗಿನ ನಾರು ಹಚ್ಚಿ ತಿಕ್ಕೀನಿ. ಈಗ ನೋಡ್ರಿ, ಎಷ್ಟು ಸ್ವಚ್ಛ ಅದಾವ."

ನನ್ನ ಒಂದು ತಿಂಗಳ ಸಂಶೋಧನೆ ಅವರ ಬಚ್ಚಲಿನ ಮೂಲಕ ಹರಿದು ಹೋಗಿತ್ತು. ಅವರ ಮೇಲೆ ಸಿಟ್ಟು ಮಾಡುವುದು ಹೇಗೆ? ಕುಬಸಕ್ಕೆ ಮಾಡಿದ ಸಿಹಿ ಮಾದಲಿ ಇನ್ನೂ ಉಳಿದಿತ್ತು. ಕೂರಿಸಿ, ಮಾದಲಿಗೆ ಹಾಲು ತುಪ್ಪ ಹಾಕಿ ಕೊಟ್ಟರು. ಐದನೇ ಕಲ್ಲು ಒಳಗೆ ಬೆಳ್ಳುಳ್ಳಿ ಕುಟ್ಟುವ ಕೆಲಸಕ್ಕೆ ಸೇರಿಕೊಂಡಿತ್ತು. ಅದನ್ನಂತೂ ಕೊಡುವುದೇ ಇಲ್ಲವೆಂದರು. ಅಷ್ಟರಲ್ಲಿ ಓಣಿಯ ಹೆಂಗಸರೆಲ್ಲ ಬಂದು ಕಲ್ಲಿನ ಗುಣ ವಿಚಾರಿಸತೊಡಗಿದರು. ಅತ್ತೆ ಮಾದಲಿ ತಿನ್ನುತ್ತ, "ನಮ್ಮ ಸೊಸಿ ಮುಂದಿನ ಸಲ ಎಲ್ಲಾರಿಗೂ ತರ್ತಾಳ. ಕೆರ್ಯಾಗ ಕಟ್ಟಿದ್ದನ್ನ ಮಾತ್ರ ಯಾರೂ ಮುಟ್ಟಬ್ಯಾಡ್ರಿ ಅಂದ್ರ ಮುಟ್ಟಬಾರದು" ಎಂದು ಕರಾರು ಮಾಡಿಬಿಟ್ಟರು.

ಮುಂದಿನ ವಾರ ಒಂದು ಟಂಟಂ ಆಟೋ ಬಾಡಿಗೆ ಹಿಡಿದು, ದೇವಿಕೊಪ್ಪದ ಹಳ್ಳದಿಂದ ಓಣಿಯ ಎಂಟು ಮನೆಗೆ ಮೂರು ಮೂರರಂತೆ ಒಲೆಗುಂಡು ಹೊತ್ತು ನಾನು ನವಲಗುಂದ ತಾಲೂಕು ಪ್ರವೇಶ ಮಾಡಿದೆ. ಗೈಡ್ ಅಂದು ಫೋನ್ ಮಾಡಿ ಎಲ್ಲಿದ್ದೀರಿ ಎಂದಾಗ, "ಫೀಲ್ಡ್‌ನಲ್ಲಿ ಸರ್" ಎಂದೆ. ಹೆಂಗಸರು ಕಲ್ಲನ್ನು ಬಡಿದು, ತಿರುಗಿಸಿ, ಬದನೆಕಾಯಿ ಆರಿಸಿದಂತೆ ಆರಿಸಿಕೊಂಡರು.

ಕುಕ್ಕರಿನಿಂದ ಬಂದ ಹೊಸ ಕಲ್ಲುಗಳನ್ನು ಈ ಸಲ ಎರಡು ಬಲೆಗೆ ಹಂಚಿದೆ. ಒಂದು ಮೆಟ್ಟಿಲ ಬದಿಗೆ. ಇನ್ನೊಂದನ್ನು ಆಚೆ ತುದಿಯಲ್ಲಿ, ಆಪು ಹುಲ್ಲು ಬೆಳೆದು ನೀರು ನಿಂತಂತಿದ್ದ ಜಾಲಿ ಗಿಡದ ಮೂಲೆಗೆ ಕಟ್ಟೋಣವೆಂದೆ. ಕಾಕಾನ ಮುಖ ಸಣ್ಣದಾಯಿತು.

"ಅಲ್ಲಿ ಬ್ಯಾಡ್ರಿ ಬಾಯಾರ. ಹಾವು ಅದಾವ."

"ನೋಡಿಕೊಂಡು ಕಟ್ಟತೀನ್ರಿ."

"ಕೆಸರು ಬಾಳ ಐತಿ. ಅಲ್ಲಿಂದ ಏನೂ ಕಾಣಂಗಿಲ್ಲ."

ಕಲ್ಲಿಗೆ ಏನು ಕಾಣಬೇಕಿದೆ ಎಂದುಕೊಂಡು ನಾನು ಕಟ್ಟಿಯೇಬಿಟ್ಟೆ.

ತಿಂಗಳ ಮೇಲೆ ಕಲ್ಲು ಅಲ್ಲಲ್ಲೇ ಇದ್ದವು. ಎರಡು ಬದಿಯವನ್ನೂ ಬೇರೆ ಬೇರೆ ತಿಕ್ಕಿ ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಮೆಟ್ಟಿಲ ಬದಿಯ ಕಲ್ಲಿನ ಮೇಲೆ ಮರ್ಯಾದಸ್ಥ ಬೀಗರು. ಜಾಲಿ ಮೂಲೆಯದನ್ನು ನೋಡಿ ಬಾಟಲಿಯ ಚೀಟಿ ಅದಲು ಬದಲಾಗಿದೆ ಎಂದುಕೊಂಡು ಇನ್ನೊಂದು ಸ್ಲೈಡ್ ಮಾಡಿದೆ. ಅದರಲ್ಲೂ ಅದೇ. ನಿಟ್ಜಿಯಾ ಎಂಬ, ಹೊಲಸು ನೀರಿಗೆ ಹೆಸರಾದ ಕಡ್ಡಿಯಂಥ ಜಾತಿ ಹುಲ್ಲು ಚೆಲ್ಲಿದಂತೆ ತುಂಬಿತ್ತು. ಮನೆಯಲ್ಲಿ ಹೇಳಿದಾಗ ಅತ್ತೆಗೆ ಹೆಸರು ಹಿಡಿಯಲಿಲ್ಲ. "ಆ ನಿಚ್ಚಣಿಕಿ ಕುಡಿಯೂ ನೀರಾಗ ಯಾಕ ಬಂತು?" ಎಂದರು.

ಅದನ್ನೇ ಕೇಳಲು ಒಂದು ಮಧ್ಯಾಹ್ನ, ಮೊದಲೇ ತಿಳಿಸದೆ ಹೋದೆವು. ಜಾಲಿ ಮೂಲೆಯಲ್ಲಿ ಕುತ್ತಿಗೆಯ ತನಕ ಮುಳುಗಿ, ಕಣ್ಣು ಅರ್ಧ ಮುಚ್ಚಿ, ಪರಮ ಸುಖದಲ್ಲಿ ಒಂದು ಎಮ್ಮೆ ನಿಂತಿತ್ತು. ಅದರ ತಲೆಗೆ ನೀರು ಎರಚುತ್ತಿದ್ದವರು ಕಾಕಾ.

ಎಮ್ಮೆ ನಮ್ಮನ್ನು ನೋಡಿ ಒಮ್ಮೆ ಉಸಿರು ಬಿಟ್ಟಿತು.

"ಕಾಗಿಗೆ ಪರವಾನಗಿ ಇಲ್ಲ ಅಂದಿದ್ರಿ" ಎಂದರು ಅತ್ತೆ.

"ಕಾಗಿಗಿಲ್ಲ ಬಿಡ್ರಿ" ಎಂದರು ಕಾಕಾ. ನೀರಿನಿಂದ ಮೇಲೆ ಬಂದು, ಕೋಲು ಹುಡುಕಿ ಕೈಯಲ್ಲಿ ಹಿಡಿದ ಮೇಲೆ ಸ್ವಲ್ಪ ಧೈರ್ಯ ಬಂದಂತಾಯಿತು. "ಬಿಸಲಾಗ ಅದಕ್ಕ ತಡ್ಯಾಕ ಆಗಂಗಿಲ್ರಿ, ಬಾಳ ಸೂಕ್ಷ್ಮ. ಯಾರ ಹೇಳಿದ್ರು ನಿಮಗ?"

"ಕಲ್ಲು ಹೇಳಿದ್ವು" ಎಂದೆ. ಲ್ಯಾಪ್‌ಟಾಪಿನಲ್ಲಿ ಎರಡೂ ಮೂಲೆಯ ಚಿತ್ರ ತೋರಿಸಿ ವಿವರಿಸಿದೆ. ಕಾಕಾ ಬಗ್ಗಿ, ಕಡ್ಡಿ ಕಡ್ಡಿಯಾಗಿದ್ದ ನಿಟ್ಜಿಯಾಗಳನ್ನು ಬಹಳ ಹೊತ್ತು ನೋಡಿದರು.

"ತಿಂಗಳಾನಗಟ್ಟಲೆ ಕಾದು ಕೂತು ಆರಾಮ ಅದಾವ ಆರಾಮ ಅದಾವ ಅಂತ ಫೋನ್ ಮಾಡಿದೆ ನಾನು. ನನ್ನ ಮ್ಯಾಲೇ ಚಾಡಿ ಹೇಳ್ಯಾವಲ್ರಿ ಇವು!"

ಅವರಿಗೆ ನಿಜವಾಗಿ ಬೇಜಾರಾಗಿತ್ತು. ನನಗೂ ಕೆಡುಕೆನಿಸಿತು. ಆದರೆ ಊರು ಕುಡಿಯುವ ನೀರು. ತಮ್ಮ ಎಮ್ಮೆಯನ್ನು ಅವತ್ತಿನಿಂದಲೇ ಹಳ್ಳಕ್ಕೆ ಒಯ್ಯುವುದೆಂದು ಕಾಕಾ ಒಪ್ಪಿದರು. ನಾವು ಪಂಚಾಯಿತಿಗೆ ಹೆಸರು ಹೇಳುವುದಿಲ್ಲವೆಂದು ಒಪ್ಪಿದೆವು. ಎಮ್ಮೆಯನ್ನು ಯಾರೂ ಕೇಳಲಿಲ್ಲ. ಅದು ಎರಡು ವಾರ ಏರಿಯ ಮೇಲೆ ಬಂದು ನಿಂತು ಜಾಲಿ ಗಿಡದ ಕಡೆ ನೋಡಿ ಒದರುತ್ತಿತ್ತು ಎಂದು ಆಮೇಲೆ ಒಲೆಗುಂಡಿನ ಮನೆಯಾಕೆ ಹೇಳಿದರು.

ಪ್ರಬಂಧದ ಆ ಕೆರೆಯ ಅಧ್ಯಾಯದಲ್ಲಿ ನಾನು "ಕೆರೆಯ ಒಂದು ಮೂಲೆಯಲ್ಲಿ ಜಾನುವಾರುಗಳ ಒತ್ತಡ ಕಂಡುಬಂದಿದೆ" ಎಂದು ಬರೆದೆ. ಗೈಡ್ ಕೆಂಪು ಪೆನ್ನಿನಿಂದ ಗೆರೆ ಎಳೆದು, ಜಾನುವಾರುಗಳ ಸಂಖ್ಯೆ ಕೊಡಿ ಎಂದು ವಾಪಸು ಕಳಿಸಿದರು. ಒಂದು ಎಂದು ಬರೆದು ಕಳಿಸಿದೆ. ಕೂಡಲೇ ಫೋನ್ ಬಂತು.

"ಸೊನ್ನೆ ಬಿಟ್ಟಿದ್ದೀರೇನು ನೋಡಿ. ಹತ್ತೋ, ನೂರೋ?"

"ಒಂದೇ ಸರ್" ಎಂದೆ. "ಆದರೆ ದಿನಾ ಬರುತ್ತಿತ್ತು."