ನಲ್ಲಿಯಕ್ಕ ಇಡಿಸಿದ ಬಾಗಿಲು

ಆಫೀಸಿನಲ್ಲಿ ಎಲ್ಲರೂ ಅವಳನ್ನು ನಲ್ಲಿಯಕ್ಕ ಎಂದೇ ಕರೆಯುತ್ತಿದ್ದರು. ನೀರಿನ ಕೆಲಸವೇನಲ್ಲ ಅವಳದು. ಸಾವಿರಾರು ಜನ ತಂತಮ್ಮ ಮನೆಯಲ್ಲಿ ಕೂತು ಒಟ್ಟಿಗೆ ಆಡುವ ಒಂದು ಆನ್‌ಲೈನ್ ಆಟದಲ್ಲಿ ನಾಣ್ಯಗಳ ಆದಾಯ, ಖರ್ಚು ಸರಿದೂಗಿಸುವುದು. ಆಟಗಾರ ಮೀನು ಹಿಡಿದು ಆಟದೊಳಗಿನ ವ್ಯಾಪಾರಿಗೆ ಮಾರಿದರೆ ಎಲ್ಲಿಂದಲೋ ಹೊಸ ನಾಣ್ಯ ಹುಟ್ಟುತ್ತದೆ; ಅದು ನಲ್ಲಿ. ದೋಣಿ ರಿಪೇರಿಗೆ ಕೊಟ್ಟ ನಾಣ್ಯ ಇಲ್ಲವಾಗುತ್ತದೆ, ಅದು ಮೋರಿ.

"ನಲ್ಲಿ ಜೋರಾಗಿ ಬಿಟ್ಟು ಮೋರಿ ಕಟ್ಕೊಂಡ್ರೆ ಮನೆಯೆಲ್ಲಾ ನೀರು ಕಣ್ರೋ," ಎಂದು ಹೊಸಬರಿಗೆ ಹೇಳುತ್ತಿದ್ದಳು.

ಒಮ್ಮೆ ಹಾಗೇ ಆಯಿತು. ಹಳೆಯ ಆಟಗಾರರ ಬಳಿ ದುಡ್ಡು ಕೊಳೆಯತೊಡಗಿ, ಒಂದು ಬಲೆಯ ಬೆಲೆ ಆಕಾಶಕ್ಕೇರಿತು. ಹೊಸದಾಗಿ ಬಂದವರು ಬರಿಗೈಯಲ್ಲಿ ದಡದಲ್ಲೇ ನಿಂತರು. ರಿಪೇರಿ ಖರ್ಚು ಏರಿಸಿದರೆ ಜನ ಬಾಯಿ ಬಡಿದುಕೊಳ್ಳುತ್ತಾರೆ. ಹಾಗಾಗಿ ನಲ್ಲಿಯಕ್ಕ ಆಟದ ಊರಿನ ಕೊನೆಯ ಬೀದಿಯಲ್ಲಿ ಮುಚ್ಚಿದ ಬಾಗಿಲಿನ ಒಂದು ಮನೆ ಇಡಿಸಿದಳು. ನಾಣ್ಯ ಕೊಟ್ಟರೆ ಬಾಗಿಲು ತಟ್ಟಬಹುದು, ಅಷ್ಟೇ; ಕೊಟ್ಟದ್ದು ಮೋರಿಗೆ. ಬಾಗಿಲ ಹಿಂದೆ ಕೋಣೆಯನ್ನೇ ಮಾಡಿರಲಿಲ್ಲ.

"ದುಡ್ಡು ತಗೊಂಡು ಏನೂ ಕೊಡದೇ ಇರೋದಾ? ಹಗಲುದರೋಡೆ ಅಕ್ಕಾ ಇದು," ಎಂದು ಆಟಕ್ಕೆ ಸದ್ದುಗಳನ್ನು ಮಾಡಿಕೊಡುವವನು ನಕ್ಕ. ಬಾಗಿಲು ತಟ್ಟುವ ಟಕ್ ಟಕ್ ಸದ್ದನ್ನು ಅವನೇ ಮೇಜು ಬಡಿದು ಮಾಡಿಕೊಟ್ಟಿದ್ದ.

ಬೆಲೆಗಳು ಇಳಿದವು. ಇಳಿದದ್ದು ನಿಲ್ಲಲೇ ಇಲ್ಲ. ಜನ ಬಲೆ ಮಾರಿ, ದೋಣಿ ಮಾರಿ ಬಾಗಿಲು ತಟ್ಟತೊಡಗಿದರು. ಮೀನು ಹಿಡಿಯುವವರೇ ಇಲ್ಲದೆ ನೀರು ಖಾಲಿ ಬಿತ್ತು. ಆಟಗಾರರು ಹರಟುವ ಜಾಗದಲ್ಲಿ ಒಬ್ಬ ಬರೆದಿದ್ದ: "ಒಳಗಿಂದ ನಮ್ಮಪ್ಪ ಕೆಮ್ಮಿದ್ರು. ಅವರು ಹೋಗಿ ಎಷ್ಟೋ ವರ್ಷ ಆಯ್ತು." ಅದರ ಕೆಳಗೆ ಇನ್ನೊಬ್ಬಳು: "ನಂಗೆ ಅಜ್ಜಿ ಬಳೆ ಸದ್ದು." ತಮಾಷೆ ಮಾಡಿದವರು ಒಬ್ಬರೂ ಇರಲಿಲ್ಲ.

ಸದ್ದಿನವನು ಮೂಲ ರೆಕಾರ್ಡಿಂಗನ್ನು ಮತ್ತೆ ಮತ್ತೆ ಕೇಳಿದ. "ಮೇಜು ಬಡಿದಿದ್ದು ಬಿಟ್ರೆ ಒಂದು ಉಸಿರೂ ಇಲ್ಲ," ಎಂದ. ಈ ಸಲ ನಗಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ನಲ್ಲಿಯಕ್ಕ ಹೆಡ್‌ಫೋನ್ ಹಾಕಿಕೊಂಡು ತಾನೇ ಆಟಗಾರಳಾಗಿ ಆ ಬೀದಿಗೆ ಹೋದಳು. ನಾಣ್ಯ ಕೊಟ್ಟಳು. ಟಕ್ ಟಕ್.

ದೂರದಲ್ಲೆಲ್ಲೋ ಚಪ್ಪಲಿ ಎಳೆದ ಸದ್ದು.

"ಬಂದೆ ಇರೇ. ಬಾಗಿಲು ಮುರೀಬೇಡ!"

ಅವಳನ್ನು ಸಾಕಿ ಬೆಳೆಸಿದ ಚಿಕ್ಕಮ್ಮನ ದನಿ. ಮಂಡಿನೋವಿನ ಚಿಕ್ಕಮ್ಮ ಅಡುಗೆಮನೆಯಿಂದ ಬಾಗಿಲಿಗೆ ಬರುವಷ್ಟರಲ್ಲಿ ದಾರಿಯುದ್ದಕ್ಕೂ ಹೀಗೇ ಗದರುತ್ತಿದ್ದರು. ಅವರು ತೀರಿಕೊಂಡು ವರ್ಷ ಕಳೆದಿತ್ತು. ನಲ್ಲಿಯಕ್ಕ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು. ಚಪ್ಪಲಿಯ ಸದ್ದು ಬಾಗಿಲಿನ ಹಿಂದೆಯೇ ಬಂದು ನಿಂತಿತು. ಚಿಲಕ ಅಲುಗಲಿಲ್ಲ. 'ಮತ್ತೆ ತಟ್ಟಲು ನಾಣ್ಯ ಕೊಡಿ' ಎಂದು ಪರದೆ ಕೇಳಿತು.

ಕೊಟ್ಟಳು. ಮತ್ತೂ ಕೊಟ್ಟಳು. ಚೀಲ ಖಾಲಿಯಾದಾಗ, ತನಗೆ ತಾನೇ ನಾಣ್ಯ ಹುಟ್ಟಿಸಿಕೊಳ್ಳುವ ಪುಟ ತೆರೆದು ಸೊನ್ನೆಗಳನ್ನು ಒತ್ತುತ್ತಾ ಹೋದಳು. ಕಾರಿಡಾರಿನಲ್ಲಿ ಯಾರೋ ಜೋರಾಗಿ ನಕ್ಕಾಗಲೇ ಅವಳಿಗೆ ಎಚ್ಚರವಾದದ್ದು.

ಸಂಜೆ ಗಂಡನಿಗೆ ಹೇಳಿದಳು. ಒಗೆದ ಬಟ್ಟೆ ಮಡಚುತ್ತಿದ್ದವನು ತಿರುಗಿ ಕೇಳಿದ.

"ಚಿಕ್ಕಮ್ಮ ಬಾಗಿಲು ತೆಗೆದ್ರಾ?"

"ಇಲ್ಲ."

"ತೆಗೀದೇ ಇದ್ದಿದ್ದೇ ಒಳ್ಳೇದಾಯ್ತು ಬಿಡು," ಎಂದು ಎದ್ದು ಹೋಗಿ ತಮ್ಮ ಮನೆಯ ಚಿಲಕ ಹಾಕಿ ಬಂದ.

ಮರುದಿನ ನಲ್ಲಿಯಕ್ಕ ಆ ಬಾಗಿಲನ್ನೇ ಕಿತ್ತುಹಾಕಿಸಿ ಬರೀ ಗೋಡೆ ಮಾಡಿಸಿದಳು. ಕೆಲವರು ಬೈದರು. ಕೆಲವರು ಗೋಡೆಯ ಮುಂದೆ ಸುಮ್ಮನೆ ನಿಂತಿರುತ್ತಿದ್ದರು. ಕ್ರಮೇಣ ಒಬ್ಬೊಬ್ಬರಾಗಿ ಬಲೆ ಹಿಡಿದು ನೀರಿಗೆ ಮರಳಿದರು.

ಆದರೆ ತಟ್ಟಿದವರಿಗೆಲ್ಲ ನಾಣ್ಯ ವಾಪಸು ಬರತೊಡಗಿತು, ತೊಟ್ಟು ತೊಟ್ಟಾಗಿ. ಅವಳು ಇಟ್ಟ ಯಾವ ನಲ್ಲಿಯಿಂದಲೂ ಅದು ಬರುತ್ತಿರಲಿಲ್ಲ. ಪ್ರೋಗ್ರಾಮ್ ಬರೆಯುವವರು ಜಾಲಾಡಿದರೂ ಕಾರಣ ಸಿಗಲಿಲ್ಲ. ನಲ್ಲಿಯಕ್ಕನ ಪಾಲಿಗೂ ಬಂದಿತ್ತು. ಅವಳು ಅದನ್ನು ಮುಟ್ಟಲಿಲ್ಲ.

ಕೊನೆಗೆ ದೋಣಿ ರಿಪೇರಿಯ ಖರ್ಚನ್ನೇ ತುಸು ಏರಿಸಿ ಲೆಕ್ಕ ಸರಿದೂಗಿಸಿದಳು. ಯಾಕೆ ಏರಿಸಿದ್ದು ಎಂದು ಮ್ಯಾನೇಜರ್ ಕೇಳಿದರು.

"ಕೊನೇ ಬೀದಿಯಿಂದ ದಿನಾ ಒಂದಿಷ್ಟು ಬರ್ತಾ ಇದೆ ಸಾರ್. ಅದಕ್ಕೆ ತಕ್ಕ ಖರ್ಚು ಇಡ್ಬೇಕಲ್ಲ."

"ಅಲ್ಲೇನಿದೆ ಈಗ?"

"ಗೋಡೆ."

ಮ್ಯಾನೇಜರ್ ಕೊನೆಯ ಬೀದಿಯ ಲೆಕ್ಕವನ್ನು ತಾವೇ ತೆರೆದು ನೋಡಿದರು. ಆಮೇಲೆ, ಆಗಲಿ ಎಂದರು.