ನಲವತ್ತು ಜನಕ್ಕೆ ಒಂದೇ ಪಾಸ್‌ವರ್ಡ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. 2002ರಲ್ಲಿ ಬಿಟಿಎಂ ಲೇಔಟಿನ ಸುಮಾರು ನಲವತ್ತು ಜನರ ಇ-ಮೇಲ್‌ಗೆ ಒಂದೇ ಪಾಸ್‌ವರ್ಡ್ ಇಟ್ಟ ಮಹಾನುಭಾವ ನಾನೇ. ಆ ಪಾಸ್‌ವರ್ಡ್ ‘ಮಸಾಲೆದೋಸೆ’, ಇಂಗ್ಲಿಷ್ ಅಕ್ಷರಗಳಲ್ಲಿ. ನಮ್ಮ ಬ್ರೌಸಿಂಗ್ ಸೆಂಟರ್ ಇದ್ದದ್ದು ಒಂದು ದರ್ಶಿನಿ ಹೋಟೆಲಿನ ಮೇಲಿನ ಮಹಡಿಯಲ್ಲಿ. ಕೆಳಗಿನಿಂದ ದೋಸೆ ಹೆಂಚಿನ ವಾಸನೆ ಬರುವಾಗ ನನಗೆ ಬೇರೆ ಪದ ಹೊಳೆಯುತ್ತಲೂ ಇರಲಿಲ್ಲ.

ಆಗ ನನಗೆ ಇಪ್ಪತ್ತೆರಡು. ಆರು ಕಂಪ್ಯೂಟರಿನ ಆ ಸೆಂಟರಿಗೆ ನಾನು ‘ಇನ್‌ಚಾರ್ಜ್’. ಕಸ ಗುಡಿಸುವುದರಿಂದ ಹಿಡಿದು ಜಗತ್ತಿಗೆ ಇಂಟರ್‌ನೆಟ್ ಕಲಿಸುವವರೆಗೆ ಎಲ್ಲಕ್ಕೂ ಚಾರ್ಜ್. ಬಂದವರು “ಒಂದು ಇ-ಮೇಲ್ ಮಾಡ್ಕೊಡಪ್ಪಾ” ಅನ್ನುತ್ತಿದ್ದರು, ಮುಂದಿನ ವಾರ ಪಾಸ್‌ವರ್ಡ್ ಮರೆತು ಬರುತ್ತಿದ್ದರು. ಹಾಗಾಗಿ ಎಲ್ಲರಿಗೂ ಒಂದೇ ಇಟ್ಟೆ. ಪಾಸ್‌ವರ್ಡ್ ಮರೆತರೆ ಒಳಗೆ ಬಿಡಲು ಒಂದು ಗುಟ್ಟಿನ ಪ್ರಶ್ನೆ ಇರುತ್ತದಲ್ಲ, ಅದಕ್ಕೂ ಎಲ್ಲರದ್ದೂ ಒಂದೇ. ಪ್ರಶ್ನೆ: ಇಷ್ಟವಾದ ತಿಂಡಿ ಯಾವುದು? ಉತ್ತರ ಬೇರೆ ಹೇಳಬೇಕಿಲ್ಲ. ಇದನ್ನು ನಾನು ಗ್ರಾಹಕ ಸೇವೆ ಎಂದು ತಿಳಿದು ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದೆ.

ಇನ್ನೊಂದು ಚಟ, ಅಣಕು. ಮೋಡೆಮ್ ಲೈನಿಗೆ ಸೇರುವಾಗ ಹೊರಡಿಸುವ ಕೀರಲು ಸದ್ದಿನಿಂದ ಹಿಡಿದು ಗಿರಾಕಿಗಳವರೆಗೆ ಎಲ್ಲರ ದನಿಯನ್ನೂ ಮಾಡಿ ತೋರಿಸುತ್ತಿದ್ದೆ. ಅದರಲ್ಲಿ ನನಗೆ ಸಲೀಸಾಗಿ ಬರುತ್ತಿದ್ದುದು ನರಸಿಂಹಮೂರ್ತಿ ಮೇಷ್ಟ್ರ ದನಿ. ಜಯನಗರದ ನಿವೃತ್ತ ಹೆಡ್‌ಮಾಸ್ಟರ್. ಹಳೆಯ ಶಿಷ್ಯರ ಕಾಗದಗಳನ್ನು ನಿರೀಕ್ಷಿಸಿ ವಾರಕ್ಕೆರಡು ಸಲ ಬರುತ್ತಿದ್ದರು. ಪ್ರತಿ ವಾಕ್ಯಕ್ಕೂ ಮೊದಲು ಎರಡು ಕೆಮ್ಮು.

ಶನಿವಾರ ಶನಿವಾರ ಬರುತ್ತಿದ್ದವರು ಗಿರಿಜಾ. ಗದಗಿನವರು, ನಮ್ಮ ಹಿಂದಿನ ರಸ್ತೆಯಲ್ಲಿ ಬಾಡಿಗೆಗಿದ್ದರು. ಲೈಬ್ರರಿ ಸೈನ್ಸ್ ಓದಿ ಕೊರಿಯರ್ ಆಫೀಸಿನಲ್ಲಿ ಕವರಿಗೆ ವಿಳಾಸ ಟೈಪ್ ಮಾಡುತ್ತಿದ್ದರು. ಕೋಣನಕುಂಟೆ ಕಡೆಯ ಒಂದು ಕಾಲೇಜಿನಲ್ಲಿ ಲೈಬ್ರರಿ ಅಸಿಸ್ಟೆಂಟ್ ಕೆಲಸಕ್ಕೆ ಅರ್ಜಿ ಹಾಕಿ, ಇಂಟರ್‌ವ್ಯೂ ಕರೆ ಇ-ಮೇಲ್‌ನಲ್ಲಿ ಬರುತ್ತದೆಂದು ಕಾಯುತ್ತಿದ್ದರು.

ಆ ಶನಿವಾರ ಮಧ್ಯಾಹ್ನ ಅವರು ಮೂರನೇ ಕಂಪ್ಯೂಟರಿನಿಂದ ಕೂಗಿದರು: “ಅಣ್ಣಾರ, ನಿಮ್ಮ ಮಸಾಲಿ ದ್ವಾಸಿ ಒಳಗ ಬಿಡವಲ್ದರಿ.”

ನಾನು ಹೋಗಿ ಪಾಸ್‌ವರ್ಡ್ ಹೊಡೆದೆ. ಇಲ್ಲ. ಮತ್ತೆ ಹೊಡೆದೆ. ಇಲ್ಲ. ಆ ತಿಂಗಳಷ್ಟೇ ಕಲಿತಿದ್ದ ಪದವೊಂದನ್ನು ಗಂಭೀರ ಮುಖ ಮಾಡಿ ಪ್ರಯೋಗಿಸಿದೆ. “ಹ್ಯಾಕ್ ಆಗಿದೆ ಮೇಡಂ. ರಷ್ಯಾದವ್ರು ಇರ್ಬೋದು.”

“ರಷ್ಯಾದವರಿಗೆ ಗದಗಿನ ಗಿರಿಜಾನ ಮ್ಯಾಲೆ ಏನ್ ಸಿಟ್ಟೈತ್ರಿ?”

ಕೊನೆಗೆ ಗುಟ್ಟಿನ ಪ್ರಶ್ನೆಗೆ ಉತ್ತರ ಕೊಟ್ಟು ಒಳಗೆ ನುಗ್ಗಿದೆವು. ಕಾಲೇಜಿನ ಪತ್ರ ಬಂದಿತ್ತು. ಇಂಟರ್‌ವ್ಯೂ ಸೋಮವಾರ ಬೆಳಿಗ್ಗೆ ಹತ್ತಕ್ಕೆ. ಗಿರಿಜಾ ಮುಖ ಅರಳುವಷ್ಟರಲ್ಲಿ ಅದರ ಪಕ್ಕದ ಗುರುತು ನನ್ನ ಕಣ್ಣಿಗೆ ಬಿತ್ತು. ಆ ಪತ್ರಕ್ಕೆ ಯಾರೋ ಆಗಲೇ ಉತ್ತರ ಬರೆದಿದ್ದರು. ಕಳಿಸಿದ ಪತ್ರಗಳ ಪೆಟ್ಟಿಗೆ ತೆರೆದೆ. ಮೂರು ದಿನದ ಹಿಂದಿನ ಪತ್ರ, ಅಚ್ಚುಕಟ್ಟಾದ ಹಳೆಯ ಇಂಗ್ಲಿಷಿನಲ್ಲಿ. ಸಾರಾಂಶ ಇಷ್ಟು: ‘ನನ್ನನ್ನು ನೆನೆದದ್ದಕ್ಕೆ ಕೃತಜ್ಞ. ಆದರೆ ಈ ವಯಸ್ಸಿನಲ್ಲಿ, ಬಿಪಿ ಮಾತ್ರೆಯೊಂದಿಗೆ, ಕೋಣನಕುಂಟೆ ಬಸ್ಸು ಹತ್ತುವುದು ನನ್ನಿಂದಾಗದು. ಈ ಅವಕಾಶವನ್ನು ಯಾರಾದರೂ ಅರ್ಹ ತರುಣರಿಗೆ ಕೊಡಿ.’ ಕೆಳಗೆ ಹೆಸರು: ನರಸಿಂಹಮೂರ್ತಿ, ನಿವೃತ್ತ ಮುಖ್ಯೋಪಾಧ್ಯಾಯ.

ನಡೆದದ್ದು ಊಹಿಸಲು ಕಷ್ಟವಿರಲಿಲ್ಲ. ಗಿರಿಜಾ ಕೂರುತ್ತಿದ್ದ ಕಂಪ್ಯೂಟರಿನಲ್ಲಿ ‘ನೆನಪಿಟ್ಟುಕೋ’ ಎಂಬ ಗುರುತು ಹಾಕಿದ್ದವನು ನಾನೇ, ಪ್ರತಿ ಸಲ ಅವರು ಐಡಿ ಬರೆಯುವುದು ತಪ್ಪಲಿ ಎಂದು. ಮೇಷ್ಟ್ರು ಅದೇ ಕಂಪ್ಯೂಟರಿಗೆ ಬಂದು ಕುಳಿತಿದ್ದಾರೆ. ಮೇಲಿದ್ದ ಐಡಿ ನೋಡದೆ ಪಾಸ್‌ವರ್ಡ್ ಹೊಡೆದಿದ್ದಾರೆ. ನಲವತ್ತು ಬೀಗಕ್ಕೂ ಒಂದೇ ಕೀಲಿಕೈ, ತೆರೆಯದೆ ಏನು ಮಾಡೀತು!

ಗಿರಿಜಾ ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಿತ್ತು. “ಮೂರು ವರ್ಷದಾಗ ಇದೊಂದ ಕರೆ ಬಂದದ್ದರಿ,” ಎಂದು ಮೆಲ್ಲಗೆ ಹೇಳಿ ಪರದೆ ನೋಡುತ್ತ ಕುಳಿತರು.

ಕಾಲೇಜಿಗೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಆಗ ನನ್ನ ತಲೆಗೆ ಎರಡನೇ ಮೂರ್ಖತನ ಹೊಳೆಯಿತು. “ಮೇಡಂ, ಸೋಮವಾರ ಬೆಳಿಗ್ಗೆ ಮೇಷ್ಟ್ರ ದನೀಲಿ ನಾನೇ ಫೋನ್ ಮಾಡಿ ‘ತಪ್ಪಾಯ್ತು, ಅದು ನನ್ನ ಪತ್ರ ಅಲ್ಲ’ ಅಂದ್ಬಿಡ್ತೀನಿ. ಕೇಳಿ ಹೆಂಗಿದೆ,” ಎಂದು ಎರಡು ಸಲ ಕೆಮ್ಮಿ, ಗಂಟಲು ಗೊಗ್ಗರು ಮಾಡಿ ಶುರುವಿಟ್ಟುಕೊಂಡೆ.

“ಎರಡನೇ ಕೆಮ್ಮು ಸಣ್ಣದು ಕಣಯ್ಯಾ. ನೀನು ಎರಡನ್ನೂ ದಪ್ಪ ಮಾಡ್ತೀಯ.”

ಬಾಗಿಲಲ್ಲಿ ಮೇಷ್ಟ್ರು, ಕೊಡೆ ಹಿಡಿದು. ತಡವರಿಸುತ್ತ ಇದ್ದದ್ದೆಲ್ಲ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕುಳಿತರು. ಕಾಲೇಜಿನ ಪತ್ರದ ತಲೆಯಲ್ಲಿ ಗಿರಿಜಾ ಹೆಸರಿರಲಿಲ್ಲ, ‘ಅಭ್ಯರ್ಥಿಗಳೇ’ ಎಂದಷ್ಟೇ ಇತ್ತು. “ಯಾರೋ ಶಿಷ್ಯ ಪ್ರಿನ್ಸಿಪಾಲ್ ಆಗಿದಾನೆ, ನನ್ನನ್ನ ಮರೆತಿಲ್ಲ ಅಂದ್ಕೊಂಡೆನಮ್ಮ,” ಎಂದು ಗಿರಿಜಾಗೆ ಹೇಳಿದರು. “ಆಗಾಗ ಪಾಸ್‌ವರ್ಡ್ ಬದಲಾಯಿಸಿ ಅಂತ ಪೇಪರ್‌ನಲ್ಲಿ ಬಂದಿತ್ತು. ಅದನ್ನೂ ಮಾಡ್ದೆ. ನಿನ್ನ ಅನ್ನಕ್ಕೆ ನಾನು ಕಲ್ಲು ಹಾಕ್ಬಿಟ್ಟೆ.”

“ಹಂಗನಬ್ಯಾಡ್ರಿ ಸರ್. ತರುಣರಿಗೆ ಕೊಡ್ರಿ ಅಂತನ ಬರದೀರಲ್ಲ,” ಎಂದರು ಗಿರಿಜಾ. ಅವರ ಕಣ್ಣು ತುಂಬಿತ್ತು, ತುಟಿಯಲ್ಲಿ ನಗು ಇತ್ತು.

ಮೇಷ್ಟ್ರು ನನ್ನ ಕಡೆ ತಿರುಗಿದರು. “ಫೋನೂ ಬೇಡ, ನಾಟಕವೂ ಬೇಡ. ಸೋಮವಾರ ಮೂರೂ ಜನ ಹೋಗಿ ನಿಜ ಹೇಳೋಣ. ನೀನು ನಿನ್ನ ದನೀಲೇ ಮಾತಾಡು. ಅದು ಹೆಂಗಿರತ್ತೆ ನಾನೂ ಕೇಳಿಲ್ಲ.”

ಸೋಮವಾರ, ಆಗುವುದಿಲ್ಲ ಎಂದು ಬರೆದಿದ್ದ ಆ ಕೋಣನಕುಂಟೆ ಬಸ್ಸನ್ನು ಮೇಷ್ಟ್ರು ನಮಗಿಂತ ಮೊದಲು ಹತ್ತಿದರು. ಕಾಲೇಜಿನಲ್ಲಿ ಗುಮಾಸ್ತರು ಪಟ್ಟಿ ತೋರಿಸಿದರು. ಗಿರಿಜಾ ಹೆಸರಿನ ಮೇಲೆ ಕೆಂಪು ಗೆರೆ. ನಾವು ಪ್ರಿನ್ಸಿಪಾಲ್ ಮೇಡಂ ಮುಂದೆ ನಿಂತೆವು. ನಾನು ನನ್ನದೇ ದನಿಯಲ್ಲಿ, ತೆಳ್ಳಗೆ ನಡುಗುವ ಆ ಬಡಪಾಯಿ ದನಿಯಲ್ಲಿ, ಒಂದೇ ಪಾಸ್‌ವರ್ಡಿನ ಕಥೆ ಹೇಳಿದೆ. ಮೇಷ್ಟ್ರು ತಮ್ಮ ಪತ್ರದ ಪ್ರಿಂಟ್‌ಔಟ್ ಮುಂದಿಟ್ಟು, ಕೆಳಗೆ ಸಹಿ ಹಾಕಿ, “ಬರೆದವನು ನಾನು, ತಪ್ಪು ಈ ಮಗುವಿನದಲ್ಲ,” ಎಂದರು. ಮೇಡಂ ಪತ್ರವನ್ನೂ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಕಡೆಗೆ “ಎಲ್ಲರದ್ದೂ ಆದ್ಮೇಲೆ ಕೂರಿಸ್ತೀನಿ. ಕೆಲಸ ಕೊಡ್ತೀನಿ ಅಂತ ಅಲ್ಲ,” ಎಂದರು.

ಈಗ ನಾನು ಜೆ.ಪಿ. ನಗರದ ಒಂದು ಕಚೇರಿಯಲ್ಲಿ ಕಂಪ್ಯೂಟರ್‌ಗಳ ಉಸ್ತುವಾರಿ ನೋಡುತ್ತೇನೆ. ಯಾರಾದರೂ ಪಾಸ್‌ವರ್ಡ್ ಹೊಡೆಯುವಾಗ ಗೋಡೆಯ ಕಡೆ ಮುಖ ತಿರುಗಿಸಿ ನಿಲ್ಲುತ್ತೇನೆ. ಹೊಸಬರು ನಗುತ್ತಾರೆ, ನಗಲಿ. ಜನರ ಕಷ್ಟ ತಪ್ಪಿಸುತ್ತೇನೆಂದು ಅವರ ಕೀಲಿಕೈಯನ್ನೂ ನಾನೇ ಇಟ್ಟುಕೊಳ್ಳುವುದು ಉಪಕಾರವಲ್ಲ ಎಂದು ಕಲಿತದ್ದು ಆ ದಿನ, ಆ ಕಾಲೇಜಿನ ಬೆಂಚಿನ ಮೇಲೆ.

ಬೆಂಚು ಇದ್ದದ್ದು ಇಂಟರ್‌ವ್ಯೂ ಕೋಣೆಯ ಹೊರಗೆ. ಬಾಗಿಲು ತೆರೆದಿತ್ತು. ಪುಸ್ತಕ ವಿಂಗಡಣೆಯ ಬಗ್ಗೆ ಕೇಳಿದ್ದಕ್ಕೆಲ್ಲ ಗಿರಿಜಾ ಪಟಪಟ ಉತ್ತರ ಕೊಟ್ಟರು. ಮೇಡಂ ಕನ್ನಡಕ ತೆಗೆದು ಕೊನೆಯ ಪ್ರಶ್ನೆ ಕೇಳಿದರು: “ನಮ್ಮ ಲೈಬ್ರರಿಗೂ ಕಂಪ್ಯೂಟರ್ ಬರ್ತಾ ಇದೆ. ಅದಕ್ಕೆ ಪಾಸ್‌ವರ್ಡ್ ಯಾರು ಇಡ್ತಾರೆ?”

ಗಿರಿಜಾ ಒಮ್ಮೆ ಬಾಗಿಲಾಚೆ ನನ್ನನ್ನು ನೋಡಿದರು. ಅವರ ಉತ್ತರ ಮುಗಿಯುವ ಮೊದಲೇ ಮೇಡಂ ನಕ್ಕು, ಪೆನ್ನು ತೆಗೆದು, ಕೆಂಪು ಗೆರೆ ಬಿದ್ದಿದ್ದ ಹೆಸರನ್ನು ಹೊಸ ಹಾಳೆಯಲ್ಲಿ ಮೊದಲನೆಯದಾಗಿ ಬರೆದುಕೊಂಡರು.

“ನಾನ ಇಡ್ತೀನ್ರಿ. ಇಡೂವಾಗ ಈ ಅಣ್ಣಾರನ್ನ ಗೇಟಿನ ಹೊರಗ ನಿಲ್ಲಸ್ರಿ, ಅಷ್ಟ ಸಾಕು.”