ಕೆಡದ ಲಾರಿಗಳ ಪೆಟ್ಟಿಗೆ ಮಾವ

ಸೇನೆಯ ರಿಪೇರಿ ಶೆಡ್ಡಿನ ಹಿರಿಯ ಮೆಕ್ಯಾನಿಕ್‌ಗೆ ಪೆಟ್ಟಿಗೆ ಮಾವ ಎಂದು ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಬಿಡಿಭಾಗಗಳ ಸ್ಟೋರಿನಲ್ಲಿ ಒಂದು ಡೀಸೆಲ್ ಪಂಪು ಕೇಳಿದರೆ, ಅದು ಬರುವಷ್ಟರಲ್ಲಿ ಕೇಳಿದವನೇ ನಿವೃತ್ತನಾಗಿರುತ್ತಿದ್ದ. ಹಾಗಾಗಿ ಗುಜರಿಗೆ ಹೊರಟ ಪ್ರತಿ ಗಾಡಿಯ ಹೊಟ್ಟೆ ಬಗೆದು, ಸಿಕ್ಕಿದ್ದನ್ನೆಲ್ಲ ಬೆಂಚಿನ ಕೆಳಗಿನ ತಗಡಿನ ಪೆಟ್ಟಿಗೆಗೆ ತುಂಬುವುದು ಮಾವನ ಇಪ್ಪತ್ತೆಂಟು ವರ್ಷದ ಚಾಳಿ. ಬೆಳಗ್ಗೆ ಕೆಟ್ಟು ಬಂದ ಲಾರಿ ಸಂಜೆಗೆ ಓಡುತ್ತಿತ್ತು. ಅರ್ಜಿ, ಸಹಿ, ಮಣ್ಣು, ಮಸಿ ಒಂದೂ ಇಲ್ಲ; ಕೆಟ್ಟದ್ದು ಯಾವ ದಾಖಲೆಗೂ ಏರುತ್ತಿರಲಿಲ್ಲ.

ಆಗ ಬಂತಪ್ಪ ಆಧುನೀಕರಣ! ಒಂದು ಕಂಪ್ಯೂಟರು, ಅದರ ಹಿಂದೆ ಇಸ್ತ್ರಿ ಮುರಿಯದ ಸಮವಸ್ತ್ರದ ಯುವ ಕ್ಯಾಪ್ಟನ್. ಯಾವ ಗಾಡಿ ಯಾವಾಗ ಕೆಡುತ್ತದೆಂದು ಇನ್ನು ಯಂತ್ರವೇ ಮುಂಚಿತವಾಗಿ ಹೇಳುತ್ತದಂತೆ. ಹಳೆಯ ದಾಖಲೆಗಳನ್ನೆಲ್ಲ ಅದಕ್ಕೆ ಉಣಿಸಿದರು. ಮೂರನೇ ದಿನ ಅದು ತೇಗಿತು: ಈ ಶೆಡ್ಡಿನ ಗಾಡಿಗಳು ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಕೆಟ್ಟಿಲ್ಲ, ಇಲ್ಲಿ ಮೆಕ್ಯಾನಿಕ್‌ಗಳ ಅಗತ್ಯವಿಲ್ಲ. ತಿಂಗಳ ಕೊನೆಗೆ ಶೆಡ್ಡು ಬಂದ್, ಆರು ಜನ ಮನೆಗೆ.

ಮಾವ ಅಡಕತ್ತರಿಯಲ್ಲಿ ಸಿಕ್ಕಿಬಿದ್ದರು. ನಿಜ ಹೇಳಿದರೆ ಸರ್ಕಾರಿ ಮಾಲು ಬಚ್ಚಿಟ್ಟ ಕೇಸು, ಹೇಳದಿದ್ದರೆ ಜೊತೆಗಿರುವ ಐದು ಜನರ ಹೊಟ್ಟೆ ಮೇಲೆ ಹೊಡೆದಂತೆ.

"ನಮ್ಮನೆ ಚಿಲಕ ಕಿತ್ತೋಗಿ ಮೂರು ವರ್ಷ ಆಯ್ತು, ಅದಕ್ಕೆ ನಿಮ್ಮ ಕೈ ಏಳಲಿಲ್ಲ," ಎಂದಳು ಹೆಂಡತಿ. "ಲಾರಿಗಾದ್ರೆ ಊಟ ಬಿಟ್ಟು ಓಡ್ತಿದ್ರಿ. ಈಗ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರೆ ಆಗತ್ತಾ? ಹೋಗಿ ಹೇಳಿ!"

ಮರುದಿನ ಮಾವ ಪೆಟ್ಟಿಗೆಯನ್ನು ದರದರ ಎಳೆದು ಕ್ಯಾಪ್ಟನ್ ಮೇಜಿನ ಮುಂದಿಟ್ಟರು.

"ಏನ್ರೀ ಇದು?"

"ಇಪ್ಪತ್ತೆಂಟು ವರ್ಷದ ರಿಪೇರಿ ಸಾರ್. ಕೇಸ್ ಹಾಕೋದಾದ್ರೆ ನನ್ನೊಬ್ಬನ ಮೇಲೆ ಹಾಕಿ."

ಕ್ಯಾಪ್ಟನ್ ಮುಚ್ಚಳ ತೆರೆದು ಇಣುಕಿದರು. "ಹೋದ ವಾರ ನನ್ನ ಜೀಪಿಗೆ ಹಾಕಿದ ಕ್ಲಚ್ ಪ್ಲೇಟು?"

"ಇದರಿಂದ್ಲೇ ತೆಗೆದದ್ದು ಸಾರ್."

ಕ್ಯಾಪ್ಟನ್ ಕಿವಿ ಕೆಂಪಾಯಿತು. "ಕೇಸ್ ಬೇಡ. ಪೆಟ್ಟಿಗೆ ಸ್ಟೋರಿಗೆ ಹೋಗ್ಲಿ. ಇನ್ಮೇಲೆ ಕೆಟ್ಟಿದ್ದನ್ನ ಕೆಟ್ಟಿದೆ ಅಂತ ಕಂಪ್ಯೂಟರಿಗೆ ಹಾಕಿ, ಆಗಲೇ ಈ ಯಂತ್ರಕ್ಕೆ ನೀವು ಕಾಣೋದು."

ಮುಂದಿನ ಸೋಮವಾರವೇ ನೀರಿನ ಲಾರಿ ಕೆಮ್ಮುತ್ತ ಬಂತು. ಪಂಪು ಹೋಗಿತ್ತು. ಅಂಥದ್ದೇ ಪಂಪು ಐವತ್ತು ಹೆಜ್ಜೆ ದೂರದ ಸ್ಟೋರಿನಲ್ಲಿ, ಮಾವನದೇ ಪೆಟ್ಟಿಗೆಯಲ್ಲಿ, ಬೀಗದೊಳಗಿತ್ತು. ಪಟ್ಟಿಯಲ್ಲಿಲ್ಲದ ಮಾಲು ಕೊಡುವಂತಿಲ್ಲ, ಹೊಸದು ನಾಲ್ಕು ತಿಂಗಳಿಗೆ ಬರುತ್ತದೆ ಎಂದ ಸ್ಟೋರಿನವನು. ಮಾವ ಕಂಪ್ಯೂಟರಿನಲ್ಲಿ ಒಂದೇ ಬೆರಳಲ್ಲಿ ಕುಟ್ಟಿದರು: ಕೆಟ್ಟಿದೆ. ಯಂತ್ರ ತಕ್ಷಣ ಉತ್ತರಿಸಿತು: ಈ ಶೆಡ್ಡಿಗೆ ಆರು ಮೆಕ್ಯಾನಿಕ್‌ಗಳು ಅತ್ಯಗತ್ಯ.

ಐದೂ ಜನ ಹೋ ಎಂದು ಕುಣಿದರು. ಮಾವನಿಗೆ ಮಾತ್ರ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಸಂಜೆಗೆ ಕೊಡ್ತೀರಲ್ಲ ಮಾವ?" ಎಂದು ಕೇಳಿದ ಡ್ರೈವರ್, ಎಂದಿನಂತೆ.

"ಇಲ್ಲಪ್ಪ, ಆಗಲ್ಲ," ಎಂದರು ಮಾವ, ಜೀವಮಾನದಲ್ಲಿ ಮೊದಲ ಸಲ. ಆಮೇಲೆ ಅವನ ಮುಖ ನೋಡದೆ ಲಾರಿಗೆ ಟಾರ್ಪಾಲು ಹೊದಿಸತೊಡಗಿದರು.